ಹದಿನಾರು ಇಂಚಿನ ದಾರ

ಮೊನ್ನೆ ಉಪ್ಪಾರಹಳ್ಳಿಯಲ್ಲಿ ಹೂವು ಕೊಳ್ಳುತ್ತಾ ನಿಂತಿದ್ದೆ. ಹೂವಿನವಳು ಸೇವಂತಿಗೆ ಅಳೆಯುತ್ತಿದ್ದಳು. ಹೂವಿನವರ ಮೊಳ ನಿಮಗೆ ಗೊತ್ತಲ್ಲ, ಬೆಳಿಗ್ಗೆ ಗಿಡ್ಡ, ಸಂಜೆ ಹೂವು ಬಾಡುವ ಹೊತ್ತಿಗೆ ಉದ್ದ. ನಾನು ಕರ್ಚೀಫು ತೆಗೆಯಲು ಪರ್ಸಿನೊಳಗೆ ಕೈ ಹಾಕಿದೆ. ಕರ್ಚೀಫಿನ ಜೊತೆ ಒಂದು ದಾರ ಬಂದು ಅವಳ ಬುಟ್ಟಿಯೊಳಗೆ ಬಿತ್ತು. ಎರಡು ತುದಿಗೂ ಗಂಟು ಹಾಕಿದ, ಗ್ರೀಸು ಮೆತ್ತಿದ ಗೋಣಿದಾರ.

"ತಾಯತದ್ದಾ ಅಕ್ಕಾ?" ಎಂದಳು.

"ಅಲ್ಲ ಕಣಮ್ಮಾ, ಅಳತೆ ದಾರ."

ಯಾವುದರ ಅಳತೆ ಎಂದು ಕೇಳಿದಳು. ನನ್ನ ಕಣ್ಣಿಗೂ ನನ್ನ ಕೆಲಸಕ್ಕೂ ನಡುವೆ ಇರುವ ದೂರ ಎಂದೆ. ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಒಂದು ಗೇಣು ಹೂವು ಜಾಸ್ತಿ ಹಾಕಿದಳು. ಕನಿಕರಕ್ಕೆ ಹಾಕಿದ್ದು ಎಂದು ಮನೆಗೆ ಬಂದ ಮೇಲೆ ಹೊಳೆಯಿತು.

ನಾನು ವೆಲ್ಡಿಂಗ್ ಕೆಲಸದವಳು. ವಯಸ್ಸು ಐವತ್ತೆರಡು. ಕಿಟಕಿ ಗ್ರಿಲ್ಲು, ಗೇಟು, ಮೆಟ್ಟಿಲ ಕಂಬಿ, ಟ್ಯಾಂಕಿನ ಸ್ಟ್ಯಾಂಡು, ಯಾರಾದರೂ ಕೇಳಿದರೆ ತುಳಸಿಕಟ್ಟೆಗೆ ಸುತ್ತ ಒಂದು ಬೇಲಿ. ಅಂಗಡಿ ನಮ್ಮಪ್ಪ ಹಾಕಿದ್ದು. ಅವರು ಹೋಗಿ ಹದಿನಾಲ್ಕು ವರ್ಷವಾಯಿತು. ಈಗಲೂ ಹೊಸ ಗಿರಾಕಿಗಳು ಬಂದರೆ ನನ್ನನ್ನು ದಾಟಿ ಒಳಗೆ ಇಣುಕಿ, ವೆಲ್ಡಿಂಗ್‌ನವರು ಇಲ್ವಾ ಎಂದು ಕೇಳುತ್ತಾರೆ. ಇದೀನಿ, ಹೇಳಿ ಅನ್ನುತ್ತೇನೆ. ಮತ್ತೆ ಒಳಗೆ ಇಣುಕುತ್ತಾರೆ. ಒಳಗೆ ರಫೀಕ್ ಇರುತ್ತಾನೆ. ಅಪ್ಪನ ಕೈಕೆಳಗೆ ಕೆಲಸ ಕಲಿತವನು, ಈಗ ಅವನಿಗೂ ನಲವತ್ತೈದು. ಅವನು ತಲೆ ಎತ್ತದೆ ನನ್ನ ಕಡೆ ಬೆರಳು ತೋರಿಸುತ್ತಾನೆ. ಇಷ್ಟು ವರ್ಷದಿಂದ ಅದೇ ನಾಟಕ, ಅದೇ ಪಾತ್ರ. ನಮಗೆ ಬೇಜಾರಾಗಿಲ್ಲ.

ದಾರದ ಪದ್ಧತಿಯೂ ಅಪ್ಪನದೇ. ಅವರು ಟೇಪು ಮುಟ್ಟುತ್ತಿರಲಿಲ್ಲ. ಕಿಟಕಿಯ ಅಗಲಕ್ಕೆ ಒಂದು ದಾರ, ಒಂದು ಗಂಟು. ಎತ್ತರಕ್ಕೆ ಇನ್ನೊಂದು ದಾರ, ಎರಡು ಗಂಟು. ಅಂಗಡಿಯ ಗೋಡೆಯ ಮೊಳೆಗೆ ದಾರಗಳ ಗೊಂಚಲೇ ನೇತಾಡುತ್ತಿತ್ತು. ಯಾವ ದಾರ ಯಾರ ಮನೆಯದು ಎಂದು ಅವರಿಗೆ ಕಣ್ಣು ಮುಚ್ಚಿಕೊಂಡರೂ ಗೊತ್ತಾಗುತ್ತಿತ್ತು. ಟೇಪು ಸುಳ್ಳು ಹೇಳುತ್ತದೆ, ದಾರ ಹೇಳುವುದಿಲ್ಲ ಅನ್ನುತ್ತಿದ್ದರು. ಅವರಿಗೆ ಅಂಕಿ ಓದಲು ಬರುತ್ತಿರಲಿಲ್ಲ ಎಂದು ನನಗೆ ತಿಳಿದದ್ದು ನಾನು ಹೈಸ್ಕೂಲಿಗೆ ಹೋದ ಮೇಲೆ.

ಒಂದು ಸಲ ಅಮ್ಮ ಆ ಗೊಂಚಲಿನಿಂದ ಒಂದು ದಾರ ತೆಗೆದು, ಅದರಲ್ಲಿ ಒಂದು ಗೇಣು ಕತ್ತರಿಸಿ, ಅವರೆಬಳ್ಳಿಯನ್ನು ಕೋಲಿಗೆ ಕಟ್ಟಿದರು. ಉಳಿದದ್ದಕ್ಕೆ ಮರ್ಯಾದೆಯಾಗಿ ಗಂಟು ಹಾಕಿ ಮತ್ತೆ ಮೊಳೆಗೆ ನೇತುಹಾಕಿದರು. ಗುಬ್ಬಿಯ ಒಂದು ಮನೆಗೆ ಗ್ರಿಲ್ಲು ಕೂರಿಸಲು ಹೋದರೆ ಒಂದು ಗೇಣು ಗಿಡ್ಡ. ಅಪ್ಪ ಹೆದರಲಿಲ್ಲ. ಅಲ್ಲೇ ಕೂತು ಮೇಲುಗಡೆ ಬಳ್ಳಿ ಬಳ್ಳಿಯಾಗಿ ಕಂಬಿ ಬಗ್ಗಿಸಿ ಸಂದು ತುಂಬಿಸಿದರು. ಮನೆಯವರು ಎಷ್ಟು ಚೆನ್ನಾಗಿದೆ ಎಂದು ಕುಣಿದರು. ಆಮೇಲೆ ಅದೇ ಬೀದಿಯ ಮೂರು ಮನೆಯವರು ಬಂದು ನಮಗೂ ಅದೇ ಡಿಸೈನ್ ಬೇಕು ಎಂದರು. ಅದಕ್ಕೆ ನಮ್ಮ ಅಂಗಡಿಯಲ್ಲಿ ಇವತ್ತಿಗೂ ಅವರೆಬಳ್ಳಿ ಡಿಸೈನು ಎಂದೇ ಹೆಸರು.

ನಾನು ಹೇಳಬೇಕೆಂದಿದ್ದದ್ದು ಇದಲ್ಲ. ಕಣ್ಣಿನ ವಿಷಯ.

ವೆಲ್ಡಿಂಗ್ ಅಂಗಡಿಯ ಮಕ್ಕಳು ಹುಟ್ಟಿದಾಗಿನಿಂದ ಕೇಳುವ ಮೊದಲ ಬುದ್ಧಿಮಾತು, ನೋಡಬೇಡ. ಆರ್ಕ್, ಅಂದರೆ ಬೆಸುಗೆಯ ಕಿಡಿಬೆಳಕು, ಹೊತ್ತಿದ ತಕ್ಷಣ ನಾವು ಗೋಡೆಯ ಕಡೆ ತಿರುಗಬೇಕು. ಗೋಡೆಯ ಮೇಲೆ ನೀಲಿ ಬೆಳಕು ಹಾರುತ್ತಿರುತ್ತಿತ್ತು, ಅದರೊಳಗೆ ಅಪ್ಪನ ನೆರಳು ಒಮ್ಮೆ ದೊಡ್ಡದಾಗಿ ಒಮ್ಮೆ ಸಣ್ಣದಾಗಿ ಕುಣಿಯುತ್ತಿತ್ತು. ಅಪ್ಪನಿಗೇ ಎಷ್ಟೋ ದಿನ ಆರ್ಕ್ ಹೊಡೆದು ಕಣ್ಣು ಕೆಂಡವಾಗುತ್ತಿತ್ತು. ಕಣ್ಣೊಳಗೆ ಮರಳು ಸುರಿದ ಹಾಗೆ ಆಗುತ್ತದಂತೆ. ಅಮ್ಮ ಸೌತೆಕಾಯಿ ಬಿಲ್ಲೆ ಕೊಯ್ದು ಕಣ್ಣ ಮೇಲೆ ಇಡುತ್ತಿದ್ದರು. ನಾನು ಪಕ್ಕದಲ್ಲಿ ಕೂತು, ಒಂದು ಬಿಲ್ಲೆ ಬಿಸಿಯಾದ ಮೇಲೆ ಬದಲಾಯಿಸಿ, ಹಳೆಯದನ್ನು ಉಪ್ಪು ಹಚ್ಚಿ ತಿನ್ನುತ್ತಿದ್ದೆ. ನನ್ನ ಪಿತೃಭಕ್ತಿಯಲ್ಲಿ ಸೌತೆಕಾಯಿಯ ಪಾಲೂ ಇತ್ತು.

ನನಗೆ ಹನ್ನೆರಡಾದಾಗ ಒಂದು ದಿನ ಅಪ್ಪ ತಾವೇ ಕರೆದು, ಮುಖಕ್ಕೆ ಅಡ್ಡ ಹಿಡಿಯುವ ಶೀಲ್ಡು ಕೊಟ್ಟು, ನೋಡು ಎಂದರು. ಕರಿ ಗಾಜಿನೊಳಗಿಂದ ನೋಡಿದರೆ ಮೊದಲು ಪೂರಾ ಕತ್ತಲೆ. ನನ್ನ ಕೈಯೇ ನನಗೆ ಕಾಣದು. ಬೆಸುಗೆಯ ರಾಡು ಕಬ್ಬಿಣಕ್ಕೆ ತಾಗಿತು, ಆ ಕತ್ತಲೆಯಲ್ಲಿ ಹಸಿರು ಬಣ್ಣದ ಒಂದು ಚುಕ್ಕಿ ಹೊತ್ತಿಕೊಂಡಿತು.

"ಏನ್ ಕಾಣ್ತೈತೆ?" ಎಂದರು ಅಪ್ಪ.

"ಬೆಳಕು."

"ಬೆಳಕು ಬೀದೀಲಿ ಹೋಗೋರ್ಗೂ ಕಾಣ್ತೈತೆ. ಬೆಳಕ್ನ ಬುಟ್ಟು ಅದ್ರ ಕೆಳಗೆ ನೋಡು."

ಎರಡು ದಿನ ನನಗೆ ಬೆಳಕು ಬಿಟ್ಟು ಬೇರೇನೂ ಕಾಣಲಿಲ್ಲ. ಮೂರನೆಯ ದಿನ ಕಂಡಿತು. ಬೆಳಕಿನ ಕೆಳಗೆ, ಕಾಳಿನಷ್ಟು ಜಾಗದಲ್ಲಿ, ಕಬ್ಬಿಣ ಕರಗಿ ನೀರಾಗಿ ಮಿನುಗುತ್ತಿತ್ತು. ಅಪ್ಪ ಅದನ್ನು ನೀರು ಎಂದೇ ಕರೆಯುತ್ತಿದ್ದರು. ಆ ನೀರು ಈ ಕಬ್ಬಿಣಕ್ಕೂ ಆ ಕಬ್ಬಿಣಕ್ಕೂ ಎರಡಕ್ಕೂ ತಾಗಬೇಕು, ಅದು ತಾಗುವುದನ್ನು ಕಣ್ಣಾರೆ ಕಂಡ ಮೇಲೇ ರಾಡು ಮುಂದೆ ಹೋಗಬೇಕು. ನಮ್ಮ ಕೆಲಸವೆಲ್ಲ ಇಷ್ಟೇ. ನೀರು ಕಂಡರೆ ಬೆಸುಗೆ, ಕಾಣದಿದ್ದರೆ ಬರೀ ಮೇಣ ಸುರಿದ ಹಾಗೆ.

ಹೋದ ವರ್ಷ ನನಗೆ ನೀರು ಕಾಣಿಸುವುದು ನಿಂತುಹೋಯಿತು.

ಒಂದೇ ದಿನಕ್ಕೆ ನಿಂತಿದ್ದರೆ ಗೊತ್ತಾಗುತ್ತಿತ್ತು. ಸ್ವಲ್ಪ ಸ್ವಲ್ಪವೇ ಮಸುಕಾಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಮೊದಲು ರಾಡಿಗೆ ಬೈದೆ, ತೇವ ಹಿಡಿದಿದೆ ಎಂದು. ರಾಡುಗಳನ್ನು ಬಿಸಿಲಲ್ಲಿ ಹಪ್ಪಳದ ಹಾಗೆ ಹರಡಿ ಒಣಗಿಸಿದೆ. ಆಮೇಲೆ ಕರೆಂಟಿಗೆ ಬೈದೆ, ವೋಲ್ಟೇಜು ಇಲ್ಲ ಎಂದು. ಆಮೇಲೆ ಶೀಲ್ಡಿನ ಗಾಜಿಗೆ. ಅದನ್ನು ಶರ್ಟಿನ ತುದಿಯಿಂದ ಉಜ್ಜಿ ಉಜ್ಜಿ ಇನ್ನಷ್ಟು ಗೀರು ಹಾಕಿದೆ. ಕೊನೆಗೆ ಹನ್ನೊಂದನೆಯ ನಂಬರಿನ ಕರಿ ಗಾಜು ತೆಗೆದು ಒಂಬತ್ತನೆಯದು ಹಾಕಿಕೊಂಡೆ, ಕತ್ತಲೆ ಕಡಿಮೆಯಾದರೆ ಚೆನ್ನಾಗಿ ಕಾಣಬಹುದು ಎಂದು. ಕಂಡದ್ದು ಇನ್ನಷ್ಟು ಬೆಳಕು. ಸಂಜೆಗೆ ಕಣ್ಣೊಳಗೆ ಅಪ್ಪನ ಮರಳು. ಸೌತೆಕಾಯಿ ಕೊಯ್ಯುತ್ತಿದ್ದ ನಮ್ಮನೆಯವರು, ನಿನಗೆ ಓದುವ ಕನ್ನಡಕ ಬೇಕು ಎಂದರು. ಅವರು ಮೇಷ್ಟರು. ಯಾವ ಕಾಯಿಲೆಗೂ ಅವರ ಹತ್ತಿರ ಮೊದಲ ಔಷಧಿ ಕನ್ನಡಕ, ಎರಡನೆಯದು ಬಿಸಿನೀರು. ನಾನು ಓದುವವಳಲ್ಲ, ಬೆಸೆಯುವವಳು ಎಂದೆ. ಹದ್ದಿನ ಕಣ್ಣು ಎಂದು ಅಪ್ಪ ನನ್ನನ್ನು ಹೊಗಳಿದ್ದರು. ಹದ್ದು ಎಲ್ಲಾದರೂ ಕನ್ನಡಕ ಹಾಕುತ್ತದೆಯೇ?

ಹದ್ದು ಕೊನೆಗೂ ಹಾಕಿತು. ಸೂಜಿಗೆ ದಾರ ಪೋಣಿಸಲು ಅರ್ಧ ಗಂಟೆ ಹಿಡಿದ ದಿನ ಹಟ ಸೋತು, ಎಂ.ಜಿ. ರೋಡಿನ ಕನ್ನಡಕದ ಅಂಗಡಿಗೆ ಹೋದೆ. ಅಲ್ಲಿದ್ದ ಹುಡುಗಿ ಚುರುಕು. ಅಕ್ಷರ ಓದಿಸಿ, ಮೇಲೆ ದೂರಕ್ಕೆ ಕೆಳಗೆ ಹತ್ತಿರಕ್ಕೆ ಎಂದು ಎರಡು ಭಾಗದ ಕನ್ನಡಕ ಮಾಡಿಸಿಕೊಟ್ಟಳು. ಪೇಪರು ಓದಿದೆ, ಅಕ್ಕಿಯಲ್ಲಿ ಹುಳ ಕಂಡೆ, ನಮ್ಮನೆಯವರ ಮೂಗಿನ ಮೇಲೆ ಒಂದು ಮಚ್ಚೆಯಿದೆ ಎಂದು ಮೊದಲ ಸಲ ತಿಳಿಯಿತು. ಆದರೆ ಶೀಲ್ಡಿನ ಕಿಂಡಿ ಇರುವುದು ಕಣ್ಣಿನ ಎದುರಿಗೆ. ಅಲ್ಲಿ ಬರುವುದು ದೂರಕ್ಕೆ ಕೊಟ್ಟ ಮೇಲಿನ ಗಾಜು. ಹತ್ತಿರದ ಗಾಜಿನಿಂದ ನೋಡಬೇಕೆಂದರೆ ಗದ್ದ ಎತ್ತಬೇಕು. ಒಂದು ವಾರ ನಾನು ಗದ್ದ ಎತ್ತಿಕೊಂಡು, ಆಕಾಶದಲ್ಲಿ ವಿಮಾನ ಹುಡುಕುವವಳ ಹಾಗೆ ಬೆಸುಗೆ ಹಾಕಿದೆ. ಕತ್ತು ಹಿಡಿದುಕೊಂಡಿತು. ನೀರು ಮಾತ್ರ ಕಾಣಲಿಲ್ಲ.

ಕನ್ನಡಕ ಹಿಡಿದುಕೊಂಡು ಜಗಳಕ್ಕೆ ಹೋದೆ. ಹುಡುಗಿ ಜಗಳವಾಡಲಿಲ್ಲ. ಒಂದೇ ಪ್ರಶ್ನೆ ಕೇಳಿದಳು.

"ಆಂಟಿ, ನೀವು ಕೆಲಸ ಮಾಡೋವಾಗ ಕಣ್ಣಿಂದ ಎಷ್ಟು ದೂರದಲ್ಲಿರತ್ತೆ ಕೆಲಸ?"

ಮೂವತ್ತು ವರ್ಷ ಊರಿನವರ ಕಿಟಕಿ, ಬಾಗಿಲು, ಬಾವಿ ಎಲ್ಲ ಅಳೆದಿದ್ದೇನೆ. ಈ ಒಂದು ಅಳತೆ ಮಾತ್ರ ನನ್ನ ಹತ್ತಿರ ಇರಲಿಲ್ಲ. ಅಂಗಡಿಗೆ ವಾಪಸು ಬಂದೆ. ಮೆಷಿನ್ ಆಫ್ ಮಾಡಿ, ಹೋಲ್ಡರಿಗೆ ರಾಡು ಸಿಕ್ಕಿಸಿ, ನಿಜವಾಗಿ ಕೆಲಸ ಮಾಡುವ ಹಾಗೆ ಬಗ್ಗಿ ಕೂತೆ. ಅಳತೆ ತಗೋ ರಫೀಕ್ ಎಂದೆ. ಅವನು ಟೇಪು ತರಲಿಲ್ಲ. ಗೋಣಿದಾರ ತಂದ. ಒಂದು ತುದಿ ನನ್ನ ಹುಬ್ಬಿನ ಹತ್ತಿರ ಹಿಡಿದು, ಇನ್ನೊಂದನ್ನು ರಾಡಿನ ತುದಿಗೆ ಎಳೆದು, ಎರಡು ಕಡೆಯೂ ಗಂಟು ಹಾಕಿದ. ಅಪ್ಪನ ಗಂಟು. ಕನ್ನಡಕದ ಅಂಗಡಿಯಲ್ಲಿ ಆ ಹುಡುಗಿ ಅದನ್ನು ಸ್ಕೇಲಿನ ಮೇಲಿಟ್ಟು ನೋಡಿದಳು, ಹದಿನಾರು ಇಂಚು. ಅಷ್ಟೇ ದೂರಕ್ಕೆ, ಪೂರಾ ಗಾಜು ಒಂದೇ ನಂಬರಿನದಾಗಿರುವ ಇನ್ನೊಂದು ಕನ್ನಡಕ ಮಾಡಿಸಿದಳು. ಆಚೆ ಬೀದಿ ನೋಡಿದರೆ ಎಲ್ಲ ಮಂಜು, ಹದಿನಾರು ಇಂಚಿನಲ್ಲಿ ಇರುವೆಯ ಕಾಲು ಎಣಿಸಬಹುದು.

ಹನ್ನೊಂದರ ಗಾಜು ವಾಪಸು ಹಾಕಿದೆ. ಅದರ ಮುಂದಿನ ಬಿಳಿ ಗಾಜನ್ನು ಹೊಸದು ಮಾಡಿದೆ. ಪಕ್ಕದಲ್ಲಿ ಒಂದು ಬಲ್ಬು ಕಟ್ಟಿದೆ. ಕೂತು ರಾಡು ತಾಗಿಸಿದೆ. ಬೆಳಕು ಬಿಟ್ಟು ಕೆಳಗೆ ನೋಡಿದೆ. ಅಲ್ಲಿತ್ತು ನೀರು, ಅಂಚು ಸಮೇತ, ಕಾಳಿನಷ್ಟೇ ಜಾಗದಲ್ಲಿ ಮಿನುಗುತ್ತಾ. ಶೀಲ್ಡಿನ ಒಳಗೆ ಹನ್ನೆರಡು ವರ್ಷದವಳ ಹಾಗೆ ನಕ್ಕೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಕನ್ನಡಕದ ಜಾಹೀರಾತಾಗುತ್ತಿತ್ತು. ಕಣ್ಣು ಬಂದವರಿಗೆ ಇರುವ ಕಷ್ಟವೆಂದರೆ ಎಲ್ಲ ಕಾಣುತ್ತದೆ.

ಅಂಗಡಿಯ ಬಾಗಿಲಲ್ಲಿ ಒಂದು ಗೇಟು ತಯಾರಾಗಿ, ಬಣ್ಣಕ್ಕೆ ಕಾಯುತ್ತಾ ನಿಂತಿತ್ತು. ನಾನೇ ಹಿಂದಿನ ವಾರ ಬೆಸೆದದ್ದು. ಹೊಸ ಕನ್ನಡಕದಲ್ಲಿ ಹತ್ತಿರ ಹೋಗಿ ನೋಡಿದೆ. ಪ್ರತಿಯೊಬ್ಬರ ಬೆಸುಗೆಗೂ ಕೈಬರಹದ ಹಾಗೆ ಒಂದು ಗುರುತಿರುತ್ತದೆ. ನನ್ನದು ಅಗಲ, ಬಲಕ್ಕೆ ವಾಲುತ್ತದೆ. ಆ ಗೇಟಿನ ಒಂದೊಂದು ಸಂದಿಯಲ್ಲೂ ನನ್ನ ಬೆಸುಗೆ ಸಂದು ಬಿಟ್ಟು ಎಲ್ಲೋ ಪಕ್ಕಕ್ಕೆ ಹರಿದು ಹೋಗಿತ್ತು. ಅದರ ಮೇಲೆ ಇನ್ನೊಂದು ಬೆಸುಗೆ, ಕಿರಿದಾಗಿ, ಒತ್ತಾಗಿ, ಎಡಕ್ಕೆ ವಾಲಿಕೊಂಡು, ಸರಿಯಾಗಿ ಸಂದಿನ ಮೇಲೆ ಕೂತಿತ್ತು. ನಮ್ಮ ಅಂಗಡಿಯಲ್ಲಿ ಎಡಗೈಯವನು ಒಬ್ಬನೇ.

ರಫೀಕನನ್ನು ಕರೆದೆ. ಅವನು ಗೇಟು ನೋಡಿದ, ನನ್ನ ಕನ್ನಡಕ ನೋಡಿದ, ತಲೆ ತಗ್ಗಿಸಿದ.

"ನೀವು ಊಟಕ್ಕೆ ಹೋದಾಗ ಒಂದ್ಸಲ ಮೇಲೆ ಹೊಡ್ಕೊಂಡ್ ಬರ್ತಿದ್ದೆ ಅಕ್ಕಾ. ಉಸ್ತಾದ್ರ ಮಗಳಿಗೆ ಕಣ್ ಕಾಣ್ತಿಲ್ಲ ಅಂತ ನಾನ್ ಯಾವ್ ಬಾಯಲ್ಲಿ ಹೇಳ್ಲಿ?"

ಎಷ್ಟು ದಿನದಿಂದ ಎಂದೆ. ದೀಪಾವಳಿಯಿಂದ ಎಂದ. ಆಗ ಶಿವರಾತ್ರಿ ಕಳೆದಿತ್ತು. ನನಗೆ ಮೊದಲು ಬಂದದ್ದು ಸಿಟ್ಟು, ಅದೂ ಅವನ ಮೇಲೆ. ಮೂರು ತಿಂಗಳಿಗೂ ಮೇಲೆ ದಿನವೂ ನನ್ನೆದುರು ಕೂತು ಟೀ ಕುಡಿದಿದ್ದಾನೆ, ಒಂದು ಮಾತು ಹೇಳಲಿಲ್ಲ. ಆಮೇಲೆ ಸಿಟ್ಟು ಇಳಿದು ನಾಚಿಕೆಯಾಯಿತು. ರಾಡಿಗೆ, ಕರೆಂಟಿಗೆ ನಾನು ಬೈಯುತ್ತಿದ್ದಾಗ ಅವನು ಹೂಂ ಹೂಂ ಎಂದು ತಲೆಯಾಡಿಸಿದ್ದು ನೆನಪಾಯಿತು. ನಾಚಿಕೆಯ ಹಿಂದೆಯೇ ಒಂದು ಭಯ ಬಂತು. ಅಂಗಡಿಯಲ್ಲಿ ಮಾಡಿದ್ದನ್ನೆಲ್ಲ ಇವನು ತಿದ್ದಿದ. ಗಿರಾಕಿಗಳ ಮನೆಗೇ ಹೋಗಿ ಮಾಡಿದ ಕೆಲಸ? ಅಂಗಡಿ ನೋಡಿಕೊಳ್ಳಲು ಒಬ್ಬರು ಬೇಕೆಂದು ಅಲ್ಲಿಗೆಲ್ಲ ನಾನೊಬ್ಬಳೇ ಹೋಗಿದ್ದೆ.

ಅಂಥವು ಮೂರು ಮನೆ. ಗುಬ್ಬಿಯಲ್ಲಿ ಒಂದು ಉಯ್ಯಾಲೆಯ ಕೊಕ್ಕೆ. ನಿಟ್ಟೂರಿನಲ್ಲಿ ಅಡುಗೆಮನೆಯ ಕಿಟಕಿ. ಕುಣಿಗಲ್ಲಿನಲ್ಲಿ ಪುಟ್ಟಮ್ಮ ಟೀಚರ ಮನೆಯ ಮೆಟ್ಟಿಲಿಗೆ ಹಿಡಿದುಕೊಳ್ಳುವ ಕಂಬಿ.

ರಫೀಕ್ ತಾನು ಹೋಗಿ ಬರುತ್ತೇನೆ ಎಂದ. ನಮ್ಮನೆಯವರು, ಯಾರೂ ಕಂಪ್ಲೇಂಟು ಹೇಳಿಲ್ಲವಲ್ಲ, ಅವರಾಗಿ ಕರೆದರೆ ಹೋದರಾಯಿತು ಎಂದರು. ಇಬ್ಬರ ಮಾತೂ ನನಗೆ ಹಿಡಿಸಲಿಲ್ಲ. ನಾನು ಕಾಣದೆ ಮಾಡಿದ್ದನ್ನು ನಾನೇ ಕಂಡು ಬರಬೇಕು, ಒಂದು ಸಂದಿಯನ್ನೂ ಬಿಡಬಾರದು ಎಂದು ಗಟ್ಟಿ ಮಾಡಿಕೊಂಡೆ. ಮಾರನೆಯ ಬೆಳಿಗ್ಗೆ ಸ್ಕೂಟರಿನ ಮುಂದೆ ಸಣ್ಣ ಮೆಷಿನ್ನು, ಹಿಂದೆ ಗ್ರೈಂಡರು ಕಟ್ಟಿಕೊಂಡು ಗುಬ್ಬಿಯ ದಾರಿ ಹಿಡಿದೆ.

ಗುಬ್ಬಿಯಲ್ಲಿ ಉಯ್ಯಾಲೆಯ ಮೇಲೆ ಆ ಮನೆಯ ಅಜ್ಜಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಏಳಿ ಅಜ್ಜಿ, ಕೊಕ್ಕೆ ನೋಡಬೇಕು ಎಂದರೆ ಏಳಲೊಲ್ಲರು. ಮೂರು ತಿಂಗಳಿಂದ ಕೂತಿದ್ದೀನಿ, ಬೀಳೋ ಹಂಗಿದ್ರೆ ಇಷ್ಟೊತ್ತಿಗೆ ಬಿದ್ದಿರ್ತಿದ್ದೆ ಎಂಬುದು ಅವರ ವಾದ. ನಾನು ಸ್ಟೂಲು ಹಾಕಿ ಹತ್ತಿ ನಿಂತೇ ಬಿಟ್ಟೆ. ದೇವರು ದೊಡ್ಡವನು. ತೂಗುವ ಜಾಗಕ್ಕೆ ಎರಡೆರಡು ಸುತ್ತು ಬೆಸುಗೆ ಹೊಡೆಯಬೇಕೆಂದು ಅಪ್ಪ ಮಾಡಿಸಿದ ಅಭ್ಯಾಸ ಅಜ್ಜಿಯನ್ನು ಕಾಪಾಡಿತ್ತು. ನೋಡಲು ಅಸಹ್ಯ, ಆದರೆ ಗಟ್ಟಿ. ಆದರೂ ಅಜ್ಜಿಯನ್ನು ಎಬ್ಬಿಸಿ ಇನ್ನೊಂದು ಸುತ್ತು ಹೊಡೆದೆ. ಅವರು ಬಾಗಿಲಲ್ಲಿ ನಿಂತು, ಬೇಗ ಮಾಡು ತಾಯಿ, ಕಾಲು ನೋಯ್ತದೆ ಎಂದು ಗೊಣಗುತ್ತಿದ್ದರು.

ನಿಟ್ಟೂರಿನ ಕಿಟಕಿಯಲ್ಲಿ ಒಂದು ಮೂಲೆ ಬರೀ ಬಣ್ಣದ ಮೇಲೆ ನಿಂತಿತ್ತು. ಬೆರಳಲ್ಲಿ ಒತ್ತಿದರೆ ಬಿಟ್ಟುಕೊಂಡಿತು. ಆ ಮನೆಯಾಕೆ ಒಗ್ಗರಣೆ ಹಾಕುತ್ತಾ, ಹೌದು ಗಡಗಡ ಅಂತಿತ್ತು, ರೈಲು ಹೋಗೋದಕ್ಕೆ ಅಲ್ಲಾಡ್ತದೆ ಅಂದ್ಕೊಂಡಿದ್ವಿ ಎಂದರು. ರೈಲಿನ ಮೇಲೆ ಹಾಕಿದ್ದ ತಪ್ಪನ್ನು ನಾನು ವಾಪಸು ತೆಗೆದುಕೊಂಡೆ. ಮೂಲೆ ಕತ್ತರಿಸಿ, ಉಜ್ಜಿ, ಹೊಸದಾಗಿ ಬೆಸೆದೆ. ಅಷ್ಟರಲ್ಲಿ ಒಂದು ರೈಲೂ ಹೋಯಿತು. ಕಿಟಕಿ ತೆಪ್ಪಗಿತ್ತು.

ಮಾರನೆಯ ದಿನ ಕುಣಿಗಲ್ಲು. ಪುಟ್ಟಮ್ಮ ಟೀಚರ ವಿಷಯ ಸ್ವಲ್ಪ ಹೇಳಬೇಕು. ನಲವತ್ತು ವರ್ಷ ಪ್ರೈಮರಿ ಸ್ಕೂಲಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ಈಗ ಎಪ್ಪತ್ತೆಂಟು. ತಮ್ಮನ ಮಗಳ ಜೊತೆ ಇದ್ದಾರೆ. ಮನೆ ರಸ್ತೆಗಿಂತ ಆರು ಮೆಟ್ಟಿಲು ಮೇಲಿದೆ. ನುಣ್ಣನೆ ಕಲ್ಲು, ಹಿಡಿದುಕೊಳ್ಳಲು ಏನೂ ಇರಲಿಲ್ಲ. ಪ್ರತಿ ಸೋಮವಾರ ಆ ಮೆಟ್ಟಿಲು ಇಳಿದು, ಬಸ್ಸು ಹತ್ತಿ, ಯಡಿಯೂರಿಗೆ ಹೋಗಿ ಸಿದ್ಧಲಿಂಗೇಶ್ವರನಿಗೆ ಕೈಮುಗಿದು ಬರುವುದು ಅವರ ಪದ್ಧತಿ. ಅದು ತಪ್ಪಬಾರದೆಂದು ಸಂಕ್ರಾಂತಿಗೆ ಮುಂಚೆ ನನ್ನಿಂದ ಕಂಬಿ ಹಾಕಿಸಿದ್ದರು. ಮೊದಲ ದಿನ ನಾನು ಹೋದಾಗ ಕೂರು ಅನ್ನುವುದಕ್ಕೂ ಮುಂಚೆ, ಉಗುರು ತೋರಿಸು ಎಂದಿದ್ದರು. ಗ್ರೈಂಡಿಂಗಿನ ಧೂಳು ತುಂಬಿದ ಹತ್ತು ಉಗುರುಗಳನ್ನು ಚಾಚಿಕೊಂಡು, ಐವತ್ತೆರಡು ವರ್ಷದ ನಾನು ಅವರೆದುರು ನಿಂತಿದ್ದೆ. ಅವರು ಸೋಪು ತಂದುಕೊಟ್ಟಿದ್ದರು.

ಈ ಸಲ ಅವರು ಬಾಗಿಲೊಳಗೆ ಕುರ್ಚಿ ಹಾಕಿಕೊಂಡು ರಸ್ತೆ ನೋಡುತ್ತಾ ಕೂತಿದ್ದರು. ಸೋಮವಾರವೇ ಆಗಿತ್ತು. ಯಡಿಯೂರಿಗೆ ಹೋಗಲಿಲ್ಲವೇ ಎಂದು ಕೇಳಿದೆ. ಹೋಗಿ ಬಹಳ ದಿನವಾಯಿತು, ಇನ್ನು ಸಾಕು ಅನ್ನಿಸಿದೆ ಎಂದರು. ಒಂದು ಕೈ ಸೆರಗಿನೊಳಗಿತ್ತು.

ನಾನು ಕನ್ನಡಕ ಹಾಕಿಕೊಂಡು ಕೆಳಗಿನ ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕೂತೆ. ಕಂಬಿಗೆ ನಾಲ್ಕು ಕಾಲು. ಒಂದೊಂದು ಕಾಲೂ ಕಲ್ಲಿಗೆ ಬೋಲ್ಟು ಹಾಕಿದ ಪಟ್ಟಿಯ ಮೇಲೆ ನಿಂತಿದೆ. ಮೊದಲನೆಯದರ ಬಣ್ಣ ಕೆರೆದು ನೋಡಿದೆ. ಬೆಸುಗೆಯೆಲ್ಲ ಪಟ್ಟಿಯ ಮೇಲೇ ಹರಿದಿತ್ತು. ಕಾಲಿಗೆ ತಾಗಿಯೇ ಇರಲಿಲ್ಲ. ಎರಡನೆಯದೂ ಹಾಗೆ, ಮೂರನೆಯದೂ, ನಾಲ್ಕನೆಯದೂ ಹಾಗೆ. ಮೊದಲು ನಿಲ್ಲಿಸಲು ಹಾಕಿದ್ದ ಒಂದೆರಡು ಚುಕ್ಕಿ ಬೆಸುಗೆಯ ಮೇಲೆ ಇಡೀ ಕಂಬಿ ನಿಂತಿತ್ತು. ಎರಡು ಕೋಟು ಕರಿ ಬಣ್ಣ ಹೊಡೆದು, ಎಷ್ಟು ಚೆನ್ನಾಗಿ ಬಂತು ಎಂದು ನಾನೇ ಫೋಟೋ ತೆಗೆದುಕೊಂಡು ಹೋಗಿದ್ದೆ. ಕಂಬಿ ಹಿಡಿದು ಅಲ್ಲಾಡಿಸಿದೆ. ಟಕ್ ಎಂದು ಅಲುಗಿತು.

ಮೇಲಿನಿಂದ ಟೀಚರ ದನಿ ಬಂತು.

"ನೀನು ಹಿಡ್ಕೊಂಡ್ರೂ ಅಲ್ಲಾಡುತ್ತಾ?"

ನಾನು ತಲೆ ಎತ್ತಿದೆ. ಹದಿನಾರು ಇಂಚಿನ ಕನ್ನಡಕದಲ್ಲಿ ಅವರ ಮುಖ ಮಸುಕಾಗಿತ್ತು.

"ನನ್ನ ಕೈಯೇ ನಡುಗ್ತಿದೆ ಅಂದ್ಕೊಂಡಿದ್ದೆ ಕಣಮ್ಮ" ಎಂದರು.

ಆಮೇಲೆ ನಿಧಾನವಾಗಿ ಎಲ್ಲ ಹೇಳಿದರು. ಸಂಕ್ರಾಂತಿಯಾದ ಮೇಲೆ ಇಳಿಯುವಾಗ ಒಂದು ದಿನ ಕೈಯೊಳಗೆ ನಡುಕ ಬಂತಂತೆ. ಮಾರನೆಯ ವಾರವೂ ಬಂತು. ನಮ್ಮ ತಾಯಿಗೂ ಕೊನೆಗೆ ಹೀಗೇ ಕೈ ನಡುಗುತ್ತಿತ್ತು, ನನ್ನದೂ ಬಂತು ಎಂದುಕೊಂಡರಂತೆ. ಹೊಸ ಕಂಬಿ, ಅದರ ಮೇಲೆ ಅನುಮಾನ ಬರಲು ಕಾರಣವೇ ಇರಲಿಲ್ಲ. ಆವತ್ತಿನಿಂದ ಮೆಟ್ಟಿಲು ಇಳಿಯುವುದನ್ನು ಬಿಟ್ಟರು. ಪಕ್ಕದ ಮನೆಯ ಮಕ್ಕಳಿಗೆ ಕಾಪಿ ಬರೆಸುವುದನ್ನು ಬಿಟ್ಟರು, ಅಕ್ಷರ ಸೊಟ್ಟಗಾದೀತು ಎಂದು. ಚೆಲ್ಲೀತು ಎಂದು ಕಾಫಿಯನ್ನು ಲೋಟಕ್ಕೆ ಅರ್ಧ ಮಾತ್ರ ಹಾಕಿಸಿಕೊಳ್ಳುತ್ತಿದ್ದರು. ತಮ್ಮನ ಮಗಳಿಗೂ ಹೇಳಿರಲಿಲ್ಲ.

ನಾನು ರಾಡು, ಕರೆಂಟು, ಗಾಜು ಎಂದು ಊರಿನ ಮೇಲೆಲ್ಲ ತಪ್ಪು ಹಾಕಿ, ನನ್ನ ಮೇಲೆ ಮಾತ್ರ ಹಾಕಿಕೊಂಡಿರಲಿಲ್ಲ. ಈ ಹೆಂಗಸು ನನ್ನ ತಪ್ಪನ್ನು ತನ್ನ ಕೈಮೇಲೆ ಹಾಕಿಕೊಂಡು, ಆ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು, ಒಂದೂವರೆ ತಿಂಗಳು ಬಾಗಿಲೊಳಗೆ ಕೂತಿದ್ದರು. ನನಗೆ ಅಳು ಬಂತು. ಅಳುವುದಕ್ಕೆ ಆಮೇಲೆ ಸಮಯವಿದೆ ಎಂದುಕೊಂಡೆ.

"ಟೀಚರ್, ನಿಮ್ಮ ಕೈಯಲ್ಲ. ನನ್ನ ಕಣ್ಣು. ನಾನು ಕಾಣ್ದೇನೇ ಬೆಸುಗೆ ಹಾಕ್ಬಿಟ್ಟಿದ್ದೆ" ಎಂದೆ.

ಅವರು, ಹಾಗಾದರೆ ಅಳಿಸಿ ಮತ್ತೆ ಬರಿ ಎಂದರು, ತರಗತಿಯಲ್ಲಿ ಹೇಳುವ ಹಾಗೆ.

ಅಳಿಸಿದೆ. ಗ್ರೈಂಡರು ಹಿಡಿದು ನಾಲ್ಕು ಕಾಲಿನ ಹಳೆಯ ಬೆಸುಗೆಯನ್ನೂ ಪೂರಾ ಕಿತ್ತೆ, ಬಣ್ಣ, ಧೂಳು, ಒಂದು ಚೂರೂ ಬಿಡದೆ, ಕಬ್ಬಿಣ ಬೆಳ್ಳಗೆ ಕಾಣುವವರೆಗೆ. ಪರ್ಸಿನಿಂದ ದಾರ ತೆಗೆದು, ಹುಬ್ಬಿನಿಂದ ಕಾಲಿನ ಬುಡಕ್ಕೆ ಹಿಡಿದು ನೋಡಿದೆ. ಆ ದೂರ ಸಿಗಬೇಕೆಂದರೆ ಮೆಟ್ಟಿಲ ಮೇಲೆ ಪೂರಾ ಬೋರಲು ಮಲಗಬೇಕಿತ್ತು. ಮಲಗಿದೆ. ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು, ನೋಡಲಿ. ಪ್ರತಿ ಕಾಲಿಗೂ ಸುತ್ತಲೂ, ನೀರು ಪಟ್ಟಿಗೂ ತಾಗಿ ಕಾಲಿಗೂ ತಾಗುವುದನ್ನು ಕಂಡು, ಕಂಡ ಮೇಲೆ ಮಾತ್ರ ರಾಡು ಮುಂದೆ ನಡೆಸಿದೆ. ಸಂದೇಹ ಬಂದ ಒಂದು ಜಾಗವನ್ನು ಮತ್ತೆ ಕಿತ್ತು ಮತ್ತೆ ಹಾಕಿದೆ. ಮಧ್ಯಾಹ್ನವಾಯಿತು. ಟೀಚರ್ ಊಟಕ್ಕೆ ಕರೆದರು. ಮುಗಿಯದೆ ಏಳುವುದಿಲ್ಲ ಎಂದೆ. ಮುಗಿದ ಮೇಲೆ ಕಂಬಿಗೆ ನನ್ನ ಮೈಭಾರವನ್ನೆಲ್ಲ ಹಾಕಿ ಜೋತುಬಿದ್ದೆ. ನನ್ನ ಮೈಭಾರ ಇಲ್ಲಿ ಹೇಳುವುದಿಲ್ಲ, ಸಣ್ಣದಲ್ಲ. ಕಂಬಿ ಕಮಕ್ ಕಿಮಕ್ ಅನ್ನಲಿಲ್ಲ.

ಕಬ್ಬಿಣ ಆರಿದ ಮೇಲೆ ಟೀಚರ್ ಎದ್ದು ಬಂದರು. ಸೆರಗಿನೊಳಗಿನ ಕೈ ಹೊರಗೆ ಬಂತು. ಕಂಬಿಯನ್ನು ಮೊದಲು ಬೆರಳ ತುದಿಯಲ್ಲಿ ಮುಟ್ಟಿದರು, ಆಮೇಲೆ ಹಿಡಿದುಕೊಂಡರು. ನಾನು ಕೆಳಗೆ ನಿಂತಿದ್ದೆ, ಬಿದ್ದರೆ ಹಿಡಿಯಲು ತಯಾರಾಗಿ. ಒಂದು ಮೆಟ್ಟಿಲು ಇಳಿದು ನಿಂತರು. ಕೈಯೊಳಗೆ ಏನಾದರೂ ಬರುತ್ತದೆಯೇ ಎಂದು ಕಾದರು. ಏನೂ ಬರಲಿಲ್ಲ. ಎರಡು. ಮೂರು. ಆರನೆಯದನ್ನೂ ಇಳಿದು, ನೆಲದ ಮೇಲೆ ನಿಂತು, ಕಂಬಿ ಬಿಟ್ಟರು.

ಆಮೇಲೆ ಅವರು ಎರಡೂ ಕೈಗಳನ್ನು ಬೆರಳು ಬಿಡಿಸಿ ನನ್ನ ಮುಂದೆ ಚಾಚಿದರು, ಉಗುರು ತೋರಿಸುವ ಮಕ್ಕಳ ಹಾಗೆ.

"ನೋಡಿ ಹೇಳು" ಎಂದರು.

ನಾನು ಕನ್ನಡಕ ಸರಿಮಾಡಿಕೊಂಡು ಬಗ್ಗಿದೆ. ಅವರ ಕೈ ನನ್ನ ಕಣ್ಣಿನಿಂದ ಆ ದಾರದಷ್ಟೇ ದೂರದಲ್ಲಿತ್ತು. ನರ ಕಂಡಿತು, ಸುಕ್ಕು ಕಂಡಿತು, ನಲವತ್ತು ವರ್ಷ ಸೀಮೆಸುಣ್ಣ ಹಿಡಿದು ಬೆರಳ ಮೇಲೆ ಎದ್ದ ಗಂಟು ಕಂಡಿತು. ಅವಸರ ಮಾಡದೆ, ಹತ್ತು ಬೆರಳನ್ನೂ ಒಂದೊಂದಾಗಿ ನೋಡಿದೆ.

"ನಡುಗ್ತಿಲ್ಲ ಟೀಚರ್."

"ಸರಿಯಾಗಿ ನೋಡಿದ್ಯಾ?"

"ನೋಡಿದೆ" ಎಂದೆ.